ಶಾಲೆಯ ಹನ್ನೆರಡು ತಿಂಗಳಲ್ಲಿ ಮನೆಯವರ ಪಾಲು: ಬೆಂಗಳೂರಿನ ಪೋಷಕರಿಗೊಂದು ಮಾರ್ಗದರ್ಶಿ

ಪ್ರಾಥಮಿಕ ಶಾಲೆಯಲ್ಲಿ ವರ್ಷವಿಡೀ ಏನೇನು ನಡೆಯಲಿದೆ ಎಂಬುದು ನಮ್ಮಲ್ಲಿ ಬಹಳಷ್ಟು ಪೋಷಕರಿಗೆ ಗೊತ್ತಾಗುವುದು ಹಿಂದಿನ ದಿನ ಸಂಜೆ, ಮಗುವಿನ ಡೈರಿಯಲ್ಲಿ ಬರೆದು ಕಳುಹಿಸಿದ ಒಂದು ಸಾಲಿನಿಂದ ಅಥವಾ ವಾಟ್ಸ್‌ಆಪ್ ಗುಂಪಿಗೆ ಬಂದ ಸೂಚನೆಯಿಂದ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಎಂದರೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಗೆ ರಜೆ ಸಿಗುವುದಿಲ್ಲ. ಆಟೊ ಓಡಿಸುವ ತಂದೆಗೆ ಅದು ಬಾಡಿಗೆ ಸಿಗುವ ಹೊತ್ತು. ಇತ್ತ ಶಾಲೆಯವರು ಪೋಷಕರಿಗೆ ಆಸಕ್ತಿಯಿಲ್ಲ ಎನ್ನುತ್ತಾರೆ, ಅತ್ತ ಪೋಷಕರು ಶಾಲೆಯವರು ಏನನ್ನೂ ಮೊದಲೇ ಹೇಳುವುದಿಲ್ಲ ಎನ್ನುತ್ತಾರೆ. ಎರಡೂ ಮಾತಿನಲ್ಲಿ ಸ್ವಲ್ಪ ನಿಜವಿದೆ. ವಾರ್ಷಿಕೋತ್ಸವದ ದಿನ ಇಡೀ ಕುಟುಂಬ ಬಂದು ಕುರ್ಚಿ ತುಂಬಿಸುವುದಕ್ಕಿಂತ ಸರಿಯಾದ ತಿಂಗಳಲ್ಲಿ, ಸರಿಯಾದ ಕೆಲಸಕ್ಕೆ ಕೊಟ್ಟ ಅರ್ಧ ಗಂಟೆಯಿಂದ ಮಗುವಿಗೆ ಹೆಚ್ಚು ಪ್ರಯೋಜನವಾಗುತ್ತದೆ ಎಂಬ ನಂಬಿಕೆಯಿಂದ ಈ ಕ್ರಮವನ್ನು ಬರೆಯಲಾಗಿದೆ. ಇದರಲ್ಲಿ ಹೆಚ್ಚಿನದು ರಾಜ್ಯ ಪಠ್ಯಕ್ರಮದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳನ್ನು ಕುರಿತದ್ದಾದರೂ ಖಾಸಗಿ ಶಾಲೆಯ ಪೋಷಕರಿಗೂ ಬಹುಪಾಲು ಅನ್ವಯಿಸುತ್ತದೆ.

ಮೊದಲನೆಯ ಹೆಜ್ಜೆ: ವರ್ಷದ ಹಾಳೆಯೊಂದನ್ನು ಮಾಡಿಕೊಳ್ಳಿ

ಶಿಕ್ಷಣ ಇಲಾಖೆಯು ಪ್ರತಿ ವರ್ಷ ಶಾಲೆಗಳಿಗೆ ವಾರ್ಷಿಕ ಶೈಕ್ಷಣಿಕ ಮಾರ್ಗದರ್ಶಿಯನ್ನು ಕಳುಹಿಸುತ್ತದೆ. ಶಾಲೆ ಆರಂಭವಾಗುವ ದಿನ, ದಸರಾ ರಜೆ, ಬೇಸಿಗೆ ರಜೆ, ಪರೀಕ್ಷೆಗಳ ಸುಮಾರು ಸಮಯ, ಆಚರಿಸಬೇಕಾದ ಜಯಂತಿಗಳು, ತಿಂಗಳವಾರು ಪಾಠ ಹಂಚಿಕೆ ಎಲ್ಲವೂ ಅದರಲ್ಲಿರುತ್ತವೆ. ಅದು ಗುಟ್ಟಿನ ಕಡತವಲ್ಲ. ಜೂನ್ ಮೊದಲ ವಾರದಲ್ಲಿ ಮುಖ್ಯ ಶಿಕ್ಷಕರನ್ನು ಕೇಳಿ ಅದರ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಖಾಸಗಿ ಶಾಲೆಗಳು ಸಾಮಾನ್ಯವಾಗಿ ಡೈರಿಯ ಮೊದಲ ಪುಟಗಳಲ್ಲೇ ಇದನ್ನು ಮುದ್ರಿಸಿರುತ್ತವೆ. ಆದರೆ ಆ ಪುಟಗಳನ್ನು ಓದುವವರು ಕಡಿಮೆ.

ಬಳಿಕ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲವನ್ನೂ ಗುರುತಿಸಲು ಹೋಗಬೇಡಿ. ಮನೆಯವರು ಶಾಲೆಗೆ ಹೋಗಲೇಬೇಕಾದ ದಿನಗಳು, ಮನೆಯಲ್ಲಿ ತಯಾರಿ ಬೇಕಾದ ದಿನಗಳು ಎಂಬ ಎರಡು ಬಗೆಯನ್ನಷ್ಟೇ ಎರಡು ಬಣ್ಣದ ಪೆನ್ನಿನಲ್ಲಿ ಬರೆದರೆ ಸಾಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಬೇಕು. ಇಷ್ಟು ದಿನಗಳಲ್ಲಿ ಪೋಷಕರು ಖುದ್ದಾಗಿ ಶಾಲೆಗೆ ಹೋಗಲೇಬೇಕಾದ ದಿನಗಳು ಬೆರಳೆಣಿಕೆಯಷ್ಟು.

ಎರಡನೆಯ ಹೆಜ್ಜೆ: ಯಾರು ಹೋಗುವುದು ಎಂಬುದನ್ನು ಮನೆಯಲ್ಲಿ ಮೊದಲೇ ತೀರ್ಮಾನಿಸಿ

ಶಾಲೆಯ ವಿಷಯವೆಲ್ಲ ತಾಯಿಯದೇ ಹೊಣೆ ಎಂಬ ರೂಢಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ತಾಯಿಗೆ ಬಿಡುವಿಲ್ಲದಿದ್ದರೆ ತಂದೆ, ಇಬ್ಬರಿಗೂ ಆಗದಿದ್ದರೆ ಅಜ್ಜಿ, ತಾತ, ಚಿಕ್ಕಪ್ಪ, ಸೋದರತ್ತೆ ಯಾರು ಹೋದರೂ ಸರಿಯೇ. ಆದರೆ ಹೋಗುವವರ ಹೆಸರು ಮತ್ತು ಮೊಬೈಲ್ ಸಂಖ್ಯೆ ತರಗತಿ ಶಿಕ್ಷಕರ ಬಳಿ ಇರಬೇಕು ಮತ್ತು ಹೋಗಿ ಬಂದವರು ಕೇಳಿದ್ದನ್ನು ರಾತ್ರಿ ಊಟದ ಹೊತ್ತಿಗೆ ಉಳಿದವರಿಗೆ ಹೇಳಬೇಕು. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಸೈಟಿನಿಂದ ಸೈಟಿಗೆ ಬದಲಾಗುವಾಗ ಈ ಸಂಖ್ಯೆಯೇ ಶಾಲೆಗಿರುವ ಒಂದೇ ಕೊಂಡಿ. ನಂಬರ್ ಬದಲಾದ ದಿನವೇ ತಿಳಿಸದಿದ್ದರೆ ಮಗು ಹಾಜರಾತಿ ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ.

ಸಭೆಯ ಹೊತ್ತು ಹೊಂದದಿದ್ದರೆ ಶನಿವಾರ ಮಧ್ಯಾಹ್ನಕ್ಕೆ ಇಡಲು ಸಾಧ್ಯವೇ ಎಂದು ನಾಲ್ಕೈದು ಪೋಷಕರು ಒಟ್ಟಾಗಿ ಕೇಳಿ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲಿನ ಸಮಯ ಶಿಕ್ಷಕರಿಗೂ ಎಷ್ಟೋ ಸಲ ಅನುಕೂಲವಾಗುತ್ತದೆ. ಒಬ್ಬರೇ ಕೇಳಿದರೆ ಅದು ವೈಯಕ್ತಿಕ ತೊಂದರೆಯಾಗಿ ಕಾಣುತ್ತದೆ, ಐದು ಮಂದಿ ಕೇಳಿದರೆ ವ್ಯವಸ್ಥೆಯ ಪ್ರಶ್ನೆಯಾಗುತ್ತದೆ.

ಮೂರನೆಯ ಹೆಜ್ಜೆ: ಜೂನ್ ಮತ್ತು ಜುಲೈಯನ್ನು ಕಳೆದುಕೊಳ್ಳಬೇಡಿ

ಮೇ ಕೊನೆಯಲ್ಲಿ ಮಾವಿನ ತೋರಣ ಕಟ್ಟಿ, ಸಿಹಿ ಹಂಚಿ ಶಾಲಾ ಪ್ರಾರಂಭೋತ್ಸವ ನಡೆಸುತ್ತಾರೆ. ಅದು ಸಂಭ್ರಮದ ದಿನ. ನಿಜವಾದ ಕೆಲಸ ಅದರ ಮರುವಾರದಲ್ಲಿದೆ. ಜೂನ್‌ನಲ್ಲಿ ಸೇತುಬಂಧ ಎಂಬ ಕಾರ್ಯಕ್ರಮ ನಡೆಯುತ್ತದೆ. ಹಿಂದಿನ ತರಗತಿಯಲ್ಲಿ ಕಲಿಯಬೇಕಾಗಿದ್ದನ್ನು ಮಗು ಎಷ್ಟು ಕಲಿತಿದೆ, ಎಷ್ಟು ಮರೆತಿದೆ ಎಂಬುದನ್ನು ಒಂದು ಪೂರ್ವ ಪರೀಕ್ಷೆಯಿಂದ ತಿಳಿದುಕೊಂಡು, ಹಿಂದೆ ಬಿದ್ದ ಅಂಶಗಳನ್ನು ಮತ್ತೆ ಕಲಿಸಿ, ಕೊನೆಗೆ ಸಾಫಲ್ಯ ಪರೀಕ್ಷೆ ನಡೆಸಲಾಗುತ್ತದೆ. ಇಡೀ ವರ್ಷದಲ್ಲಿ ಮಗುವಿನ ನಿಜವಾದ ಮಟ್ಟ ಶಿಕ್ಷಕರಿಗೆ ಸ್ಪಷ್ಟವಾಗಿ ಕಾಣುವುದು ಆಗಲೇ. ಪೋಷಕರು ಭೇಟಿಗೆ ಆರಿಸಿಕೊಳ್ಳಬೇಕಾದದ್ದು ಈ ಸಮಯವನ್ನೇ ಹೊರತು, ಅಂಕಪಟ್ಟಿ ಕೈಗೆ ಬಂದ ಅಕ್ಟೋಬರನ್ನಲ್ಲ. ಸೇತುಬಂಧದಲ್ಲಿ ನಮ್ಮ ಮಗು ಯಾವ ಅಂಶದಲ್ಲಿ ಹಿಂದಿದೆ ಎಂದು ಕೇಳಿದರೆ, ಕೂಡುವ ಲೆಕ್ಕದಲ್ಲಿ ದಶಕ ತಪ್ಪುತ್ತದೆ, ಒತ್ತಕ್ಷರ ಓದುವಾಗ ತಡವರಿಸುತ್ತಾನೆ ಎಂಬಂಥ ನಿರ್ದಿಷ್ಟ ಉತ್ತರ ಸಿಗುತ್ತದೆ. ಅಂಥ ಉತ್ತರದಿಂದ ಮನೆಯಲ್ಲಿ ಏನು ಮಾಡಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಸರ್ಕಾರಿ ಶಾಲೆಗಳಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಶೂ ಮತ್ತು ಸಾಕ್ಸ್ ಉಚಿತ. ಪುಸ್ತಕ ಬಂದಿದೆಯೇ, ಎಲ್ಲ ವಿಷಯದ್ದೂ ಬಂದಿದೆಯೇ ಎಂಬುದನ್ನು ಜೂನ್ ಒಳಗೇ ನೋಡಿಕೊಳ್ಳಿ. ಶೂ ಖರೀದಿ ಶಾಲಾ ಸಮಿತಿಯ ಮೂಲಕ ನಡೆಯುವುದರಿಂದ ಮಗುವಿನ ಪಾದದ ಅಳತೆಯನ್ನು ಕಾಗದದ ಮೇಲೆ ಗೆರೆ ಎಳೆದು ಕಳುಹಿಸುವುದು ಒಳ್ಳೆಯದು. ಕಳೆದ ವರ್ಷದ ಅಳತೆ ಈ ವರ್ಷ ಹೊಂದುವುದಿಲ್ಲ.

ಒಂದರಿಂದ ಮೂರನೇ ತರಗತಿಯ ಪೋಷಕರಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಈ ತರಗತಿಗಳಿಗೆ ನಲಿ-ಕಲಿ ಪದ್ಧತಿಯಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿ 2009–10ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂತು. ಇಲ್ಲಿ ಮಕ್ಕಳು ಕಾರ್ಡುಗಳ ಮೂಲಕ, ತಮ್ಮ ತಮ್ಮ ವೇಗದಲ್ಲಿ, ಕಲಿಕಾ ಏಣಿಯ ಮೆಟ್ಟಿಲುಗಳನ್ನು ಏರುತ್ತಾರೆ. ಪೂರ್ತಿ ಶಿಕ್ಷಕರ ನೆರವು ಬೇಕಾದ ಗುಂಪಿನಿಂದ ಹಿಡಿದು ಸ್ವತಃ ಕಲಿಯುವ ಗುಂಪಿನವರೆಗೆ ಬೇರೆ ಬೇರೆ ಗುಂಪುಗಳಲ್ಲಿ ಕೂರುತ್ತಾರೆ. ನೋಟ್‌ಬುಕ್ ತುಂಬ ಬರಹವಿಲ್ಲ, ಮನೆಗೆಲಸ ಕೊಟ್ಟಿಲ್ಲ, ಆದ್ದರಿಂದ ಪಾಠವೇ ನಡೆಯುತ್ತಿಲ್ಲ ಎಂದು ದೂರುವ ಪೋಷಕರು ಈ ಏಣಿಯನ್ನು ಗೋಡೆಯ ಮೇಲೆ ಒಮ್ಮೆ ನೋಡಬೇಕು. ಮಗು ಈಗ ಯಾವ ಮೈಲಿಗಲ್ಲಿನಲ್ಲಿದೆ, ಕಳೆದ ತಿಂಗಳು ಎಲ್ಲಿತ್ತು ಎಂದು ಕೇಳಿದರೆ ಎಷ್ಟು ಅಂಕ ಬಂತು ಎಂದು ಕೇಳುವುದಕ್ಕಿಂತ ಎಷ್ಟೋ ಹೆಚ್ಚಿನ ವಿಷಯ ತಿಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಶಿಕ್ಷಕರನ್ನು ಭೇಟಿಯಾಗುವ ಬಗೆ

ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಭೇಟಿ ಕೇಳುವುದಕ್ಕೆ ಸಂಕೋಚ ಬೇಕಿಲ್ಲ. ಆದರೆ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಗೇಟಿನ ಬಳಿ ನಿಂತು ಅಥವಾ ಪಾಠ ನಡೆಯುವಾಗ ಬಾಗಿಲಲ್ಲಿ ತಲೆ ಹಾಕಿ ಮಾತಿಗೆಳೆಯುವುದು ಸರಿಯಲ್ಲ. ಮೇಡಂ, ಇವತ್ತು ಯಾವ ಹೊತ್ತಿಗೆ ಬಂದರೆ ಹತ್ತು ನಿಮಿಷ ಮಾತಾಡಬಹುದು ಎಂದು ಮೊದಲೇ ಕೇಳಿದರೆ ಬಹುತೇಕ ಶಿಕ್ಷಕರು ಖುಷಿಯಿಂದಲೇ ಒಪ್ಪುತ್ತಾರೆ.

ಹೋಗುವ ಮೊದಲು ಮೂರೇ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮಗು ಯಾವುದನ್ನು ಈಗ ಸ್ವತಃ ಮಾಡುತ್ತದೆ, ಯಾವುದಕ್ಕೆ ಇನ್ನೂ ನೆರವು ಬೇಕು, ಮನೆಯಲ್ಲಿ ನಾವು ದಿನಕ್ಕೆ ಹದಿನೈದು ನಿಮಿಷ ಕೊಡಬಲ್ಲೆವಾದರೆ ಅದನ್ನು ಯಾವುದಕ್ಕೆ ಕೊಡಬೇಕು. ಈ ಮೂರನೆಯ ಪ್ರಶ್ನೆಯೇ ಮುಖ್ಯ. ಏಕೆಂದರೆ ಶಿಕ್ಷಕರು ಅದಕ್ಕೆ ಉತ್ತರಿಸಬೇಕಾದರೆ ನಿಮ್ಮ ಮಗುವನ್ನು ಪ್ರತ್ಯೇಕವಾಗಿ ನೆನೆದುಕೊಳ್ಳಲೇಬೇಕಾಗುತ್ತದೆ. ಮಗುವಿನ ಎದುರಿಗೇ ಅದರ ತಪ್ಪುಗಳ ಪಟ್ಟಿ ಕೊಡುವುದು, ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುವುದು, ಎರಡು ಏಟು ಕೊಡಿ ಮೇಡಂ ಎಂದು ಶಿಕ್ಷಕರಿಗೇ ಅನುಮತಿ ಕೊಟ್ಟು ಬರುವುದು ಇವೆಲ್ಲ ನಮ್ಮ ಸಭೆಗಳಲ್ಲಿ ಈಗಲೂ ಸಾಮಾನ್ಯ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಪೋಷಕರು ಒಪ್ಪಿಗೆ ಕೊಟ್ಟರೆಂಬ ಕಾರಣಕ್ಕೆ ಅದು ಸಕ್ರಮವಾಗುವುದಿಲ್ಲ.

ಮನೆಯಲ್ಲಿ ತೆಲುಗು, ತಮಿಳು, ಉರ್ದು ಅಥವಾ ಹಿಂದಿ ಮಾತಾಡುವ ಕುಟುಂಬಗಳು ಬೆಂಗಳೂರಿನ ಯಾವ ಶಾಲೆಯಲ್ಲೂ ಇವೆ. ಕನ್ನಡ ಸರಿಯಾಗಿ ಬಾರದೆಂಬ ಅಳುಕಿನಿಂದ ಸಭೆಗೆ ಬಾರದ ತಾಯಂದಿರು ಕಡಿಮೆಯೇನಿಲ್ಲ. ಅದೇ ಓಣಿಯ ಇನ್ನೊಬ್ಬ ತಾಯಿಯನ್ನು ಜೊತೆಗೆ ಕರೆದೊಯ್ಯುವುದು ಸುಲಭವಾದ ದಾರಿ. ಏಳೆಂಟು ವರ್ಷದ ಮಗುವಿನಿಂದಲೇ ಅದರ ಸ್ವಂತ ದೂರನ್ನು ಅನುವಾದ ಮಾಡಿಸುವುದು ಮಾತ್ರ ಬೇಡ; ಮಗು ತನಗೆ ಬೇಕಾದಷ್ಟನ್ನೇ ಹೇಳುತ್ತದೆ, ಹಾಗೆ ಮಾಡುವುದು ಅದರ ಜಾಣತನವೇ.

ಐದನೆಯ ಹೆಜ್ಜೆ: ಪ್ರತಿ ತಿಂಗಳೂ ಬರುವ ಮೂರು ಅವಕಾಶಗಳು

ಒಂದು, ಮೂರನೆಯ ಶನಿವಾರ. ಬ್ಯಾಗಿನ ಹೊರೆ ಇಳಿಸಲು ಇಲಾಖೆ 2019ರಲ್ಲಿ ಹೊರಡಿಸಿದ ಆದೇಶದ ಪ್ರಕಾರ ಒಂದು ಮತ್ತು ಎರಡನೇ ತರಗತಿಯ ಬ್ಯಾಗ್ 2 ಕಿಲೊ, ಮೂರರಿಂದ ಐದರದ್ದು 3 ಕಿಲೊ ಮೀರುವಂತಿಲ್ಲ. ತಿಂಗಳ ಮೂರನೆಯ ಶನಿವಾರ ಬ್ಯಾಗ್ ಇಲ್ಲದ ದಿನ. ಅದಕ್ಕೆ ಸಂಭ್ರಮ ಶನಿವಾರ ಎಂಬ ಹೆಸರೂ ಬಂದಿದೆ. ಆ ದಿನ ಏನು ಮಾಡಿಸುವುದೆಂದು ಶಿಕ್ಷಕರು ತಲೆಕೆಡಿಸಿಕೊಂಡಿರುತ್ತಾರೆ. ಬಡಗಿ ಕೆಲಸದ ತಂದೆಯೊಬ್ಬರು ಅಳತೆಪಟ್ಟಿ, ಮೂಲೆಮಟ್ಟ ತಂದು ಬೆಂಚಿನ ಉದ್ದ ಅಳೆಯುವುದನ್ನು ತೋರಿಸಿದರೆ ನಾಲ್ಕನೇ ತರಗತಿಯ ಅಳತೆಯ ಪಾಠ ಅಲ್ಲಿಗೆ ಮುಗಿದಂತೆಯೇ. ಒಗಟು, ಗಾದೆ, ಬೀಸುವ ಪದ ಬಲ್ಲ ಅಜ್ಜಿಯರು, ಹೂ ಕಟ್ಟುವವರು, ಬಸ್ ಕಂಡಕ್ಟರ್, ಆಸ್ಪತ್ರೆಯ ನರ್ಸ್ ಇವರಿಗೆಲ್ಲ ಇಲ್ಲಿ ಹೇಳಲು ಏನಾದರೂ ಇದ್ದೇ ಇರುತ್ತದೆ. ಹದಿನೈದು ದಿನ ಮೊದಲೇ ಹೇಳಿ, ಅರ್ಧ ಗಂಟೆ ಮೀರದಂತೆ ನೋಡಿಕೊಂಡು, ಭಾಷಣವಿಲ್ಲದೆ ಮಕ್ಕಳ ಕೈಗೇ ಕೆಲಸ ಕೊಟ್ಟರೆ ಮತ್ತೆ ಕರೆ ಬರುವುದು ಖಂಡಿತ.

ಎರಡು, ಬಿಸಿಯೂಟ. 2000ನೇ ಇಸವಿಯಲ್ಲಿ ಬೆಂಗಳೂರಿನಲ್ಲೇ ಆರಂಭವಾದ ಅಕ್ಷಯ ಪಾತ್ರದಂಥ ಸಂಸ್ಥೆಗಳು ದೊಡ್ಡ ಅಡುಗೆಮನೆಗಳಿಂದ ನಗರದ ಅನೇಕ ಶಾಲೆಗಳಿಗೆ ಊಟ ಕಳುಹಿಸುತ್ತವೆ. ಉಳಿದ ಕಡೆ ಶಾಲೆಯಲ್ಲೇ ಅಡುಗೆಯಾಗುತ್ತದೆ. ಕ್ಷೀರಭಾಗ್ಯದ ಹಾಲು 2013ರ ಆಗಸ್ಟ್‌ನಿಂದ ಇದೆ. ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡುತ್ತಾರೆ. ಮೊಟ್ಟೆ ಬೇಕೋ ಬೇಡವೋ ಎಂಬುದನ್ನು ಮನೆಯವರೇ ಸ್ಪಷ್ಟವಾಗಿ ತಿಳಿಸಿ. ತಿಂಗಳಿಗೊಮ್ಮೆ ಇಬ್ಬರು ಪೋಷಕರು ಸರದಿಯಂತೆ ಊಟದ ಹೊತ್ತಿಗೆ ಹೋಗಿ ರುಚಿ ನೋಡಿ, ಅನ್ನ ಬೆಂದಿದೆಯೇ, ಸಾಂಬಾರಿನಲ್ಲಿ ತರಕಾರಿ ಇದೆಯೇ, ಕೈತೊಳೆಯಲು ನೀರು ಮತ್ತು ಸೋಪು ಇದೆಯೇ ಎಂದು ನೋಡಿ ಬರುವುದರಿಂದ ಆಗುವ ಉಪಕಾರ ದೊಡ್ಡದು. ಇದನ್ನು ತಪಾಸಣೆಯ ಗತ್ತಿನಲ್ಲಿ ಮಾಡಬಾರದು. ಅಡುಗೆಯವರು ಬಹಳ ಕಡಿಮೆ ಗೌರವಧನಕ್ಕೆ ದುಡಿಯುವ ಹೆಣ್ಣುಮಕ್ಕಳು. ಅವರೊಂದಿಗೆ ಕೂತು ಉಣ್ಣುವವರಿಗೆ ನಿಜಸ್ಥಿತಿ ಬೇಗ ತಿಳಿಯುತ್ತದೆ.

ಮೂರನೆಯದು ಶಾಲಾ ಸಮಿತಿಯ ಸಭೆ. ಅದಕ್ಕೆ ಬೇರೆಯೇ ಹೆಜ್ಜೆ ಬೇಕು.

ಆರನೆಯ ಹೆಜ್ಜೆ: ಎಸ್‌ಡಿಎಂಸಿಯನ್ನು ಗಂಭೀರವಾಗಿ ತೆಗೆದುಕೊಳ್ಳಿ

ಎಸ್‌ಡಿಎಂಸಿ ಎಂದು ಕರೆಯುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಕರ್ನಾಟಕದಲ್ಲಿ 2001ರಲ್ಲಿ, ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ರೂಪುಗೊಂಡವು. ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು ಇದಕ್ಕಿಂತ ಎಂಟು ವರ್ಷ ತಡವಾಗಿ. ಆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ, ಅಧ್ಯಕ್ಷ ಸ್ಥಾನ ಪೋಷಕರದು. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಅಲ್ಲಿ ಪೋಷಕ–ಶಿಕ್ಷಕ ಸಂಘವೇ ಗತಿ.

ಸಮಿತಿಗೆ ಆಯ್ಕೆಯಾಗಲೇಬೇಕೆಂದಿಲ್ಲ. ಆಯ್ಕೆಯ ದಿನ ಪೋಷಕರ ಸಭೆಗೆ ಹೋಗಿ ಕೈ ಎತ್ತುವುದೂ ಭಾಗವಹಿಸುವಿಕೆಯೇ. ಆಯ್ಕೆಯಾದ ಮಹಿಳೆಯ ಬದಲಿಗೆ ಅವರ ಗಂಡ ಬಂದು ಕುರ್ಚಿಯಲ್ಲಿ ಕೂರುವ, ರಿಜಿಸ್ಟರನ್ನು ಮನೆಗೆ ಕಳುಹಿಸಿ ಸಹಿ ಹಾಕಿಸಿಕೊಳ್ಳುವ ಪರಿಪಾಠ ಕಂಡರೆ ಅದನ್ನು ಸಭೆಯಲ್ಲೇ ಸೌಜನ್ಯದಿಂದ ಪ್ರಶ್ನಿಸಿ. ಆ ಅಕ್ಕ ಬರುವ ಹೊತ್ತಿಗೆ ಸಭೆ ಇಡೋಣ ಎಂದರೆ ಯಾರಿಗೂ ಅವಮಾನವಾಗುವುದಿಲ್ಲ.

ಸದಸ್ಯರು ಮುಖ್ಯವಾಗಿ ನೋಡಬೇಕಾದದ್ದು ಎರಡು ಕಾಗದ. ಮೊದಲನೆಯದು 22ನೇ ಸೆಕ್ಷನ್ ಹೇಳುವ ಶಾಲಾ ಅಭಿವೃದ್ಧಿ ಯೋಜನೆ. ಅದರಲ್ಲಿ ಶೌಚಾಲಯದ ನೀರು, ಸೋರುವ ಚಾವಣಿ, ಕಾಂಪೌಂಡು, ಮಕ್ಕಳ ಸಂಖ್ಯೆಗೆ ತಕ್ಕ ಶಿಕ್ಷಕರು ಇವೆಲ್ಲ ಬರವಣಿಗೆಯಲ್ಲಿ ಇರಬೇಕು; ಬರೆಯದ ಬೇಡಿಕೆಗೆ ಅನುದಾನ ಬರುವುದಿಲ್ಲ. ಎರಡನೆಯದು ಖರ್ಚಿನ ಲೆಕ್ಕ. ಸಮಗ್ರ ಶಿಕ್ಷಾ ಯೋಜನೆಯ ಮಾರ್ಗಸೂಚಿಯಲ್ಲಿ ಶಾಲಾ ಅನುದಾನವನ್ನು ಮಕ್ಕಳ ಸಂಖ್ಯೆಗೆ ತಕ್ಕಂತೆ ನಿಗದಿ ಮಾಡಲಾಗಿದ್ದು, 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಎಂದಿದೆ. ಅದರಲ್ಲಿ ಹತ್ತನೇ ಒಂದು ಭಾಗ ಸ್ವಚ್ಛತೆಗೆ ಹೋಗಬೇಕು. ಮೊತ್ತ ದೊಡ್ಡದಲ್ಲ. ಆದರೆ ಯಾವುದಕ್ಕೆ ಖರ್ಚಾಯಿತೆಂದು ಸಭೆಯಲ್ಲಿ ಗಟ್ಟಿಯಾಗಿ ಓದುವ ರೂಢಿ ಬಂದರೆ ಮುಂದಿನ ಸಭೆಗೆ ಪೋಷಕರು ಹೆಚ್ಚಾಗಿ ಬರುತ್ತಾರೆ.

ಏಳನೆಯ ಹೆಜ್ಜೆ: ಆಚರಣೆಗಳ ತಿಂಗಳುಗಳಲ್ಲಿ ಹಿತಮಿತವಾಗಿರಿ

ಆಗಸ್ಟ್ 15ರಿಂದ ಜನವರಿ 26ರವರೆಗೆ ಶಾಲೆ ಒಂದಲ್ಲ ಒಂದು ಆಚರಣೆಯಲ್ಲಿರುತ್ತದೆ: ಶಿಕ್ಷಕರ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ, ಮಕ್ಕಳ ದಿನ, ಕನಕ ಜಯಂತಿ, ಪ್ರತಿಭಾ ಕಾರಂಜಿ, ವಾರ್ಷಿಕೋತ್ಸವ. ಇವುಗಳಲ್ಲಿ ಪ್ರತಿಭಾ ಕಾರಂಜಿಗೆ ಮನೆಯವರ ಒತ್ತಾಸೆ ಸಾರ್ಥಕ, ಏಕೆಂದರೆ ಕಂಠಪಾಠ, ಕಥೆ ಹೇಳುವುದು, ಮಣ್ಣಿನ ಮಾದರಿ ಇವುಗಳಿಗೆಲ್ಲ ಮಗುವೇ ದುಡಿಯಬೇಕು. ರಾತ್ರಿ ಹನ್ನೊಂದರವರೆಗೆ ತಂದೆತಾಯಿ ಕೂತು ಥರ್ಮಾಕೋಲಿನಲ್ಲಿ ಕಟ್ಟಿಕೊಟ್ಟ ವಿಧಾನಸೌಧದಿಂದ ಮಗು ಕಲಿಯುವುದು ಅಂಟು ಒಣಗಲು ಎಷ್ಟು ಹೊತ್ತು ಬೇಕೆಂಬುದನ್ನಷ್ಟೇ. ಬಾಡಿಗೆ ವೇಷಭೂಷಣದ ಖರ್ಚು ಹೊರೆಯಾಗುವ ಕುಟುಂಬಗಳು ತರಗತಿಯಲ್ಲಿ ಇದ್ದೇ ಇರುತ್ತವೆ. ಮನೆಯ ಪಂಚೆ, ಸೀರೆ, ಪೇಟದಲ್ಲೇ ನೃತ್ಯ ಮಾಡಿಸೋಣ ಎಂಬ ಸಲಹೆಯನ್ನು ಕೊಡಬಲ್ಲವರು ಕೊಟ್ಟರೆ, ಹೇಳಲಾಗದವರ ಸಂಕಟ ತಪ್ಪುತ್ತದೆ.

ಹೊರಗೆ ಕರೆದೊಯ್ಯಲು ದೂರ ಹೋಗಬೇಕಾಗಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಮಗುವಿನ ಕೈಯಲ್ಲಿ ಐವತ್ತು ರೂಪಾಯಿ ಕೊಟ್ಟು ವ್ಯಾಪಾರ ಮಾಡಿಸಿದರೆ ಸೇರು, ಪಾವು, ಚಿಲ್ಲರೆ ಲೆಕ್ಕವೆಲ್ಲ ಒಂದೇ ಸಂಜೆಗೆ ಬಂದುಬಿಡುತ್ತದೆ. ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯೋತ್ಸವದ ಸುಮಾರಿಗೆ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನವಿರುತ್ತದೆ. ಶಾಲೆಯಿಂದ ಹೊರಟಾಗ ಪ್ರತಿ ಗುಂಪಿಗೆ ಒಬ್ಬಿಬ್ಬರು ಪೋಷಕರು ಜೊತೆಗಿದ್ದರೆ ಶಿಕ್ಷಕರ ಜೀವ ಹಗುರಾಗುತ್ತದೆ.

ಈ ಅವಧಿಯಲ್ಲೇ ಆರೋಗ್ಯದ ಒಂದು ಸಂಗತಿ ಮರೆತುಹೋಗುತ್ತದೆ. ಜಂತುಹುಳು ನಿವಾರಣಾ ದಿನ ಆಗಸ್ಟ್ 10 ಮತ್ತು ಫೆಬ್ರವರಿ 10ಕ್ಕೆ ನಿಗದಿಯಾಗಿದ್ದರೂ ದಿನಾಂಕ ಹಿಂದೆಮುಂದೆ ಆಗುವುದುಂಟು. ಅಂದು ಮಗುವಿಗೆ ಜ್ವರವಿದ್ದರೆ ಶಿಕ್ಷಕರಿಗೆ ತಿಳಿಸಿ. ಮಾತ್ರೆಯನ್ನು ಬೇರೆ ದಿನ ಕೊಡುತ್ತಾರೆ.

ಎಂಟನೆಯ ಹೆಜ್ಜೆ: ತಕರಾರಿದ್ದಾಗ ಮೆಟ್ಟಿಲು ತಪ್ಪಿಸಬೇಡಿ

ಮೊದಲು ತರಗತಿ ಶಿಕ್ಷಕರು, ಆಮೇಲೆ ಮುಖ್ಯ ಶಿಕ್ಷಕರು, ಬಳಿಕ ಎಸ್‌ಡಿಎಂಸಿ, ಅದರ ಮೇಲೆ ಸುತ್ತಲಿನ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿ. ಎರಡನೆಯ ಮೆಟ್ಟಿಲಿನಿಂದ ಮುಂದೆ ಮಾತು ಬಾಯಲ್ಲಿರದೆ ಕಾಗದದಲ್ಲಿರಲಿ, ನಕಲು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ವಾಟ್ಸ್‌ಆಪ್ ಗುಂಪಿನಲ್ಲಿ ಶಿಕ್ಷಕರ ಹೆಸರೆತ್ತಿ ಬರೆದರೆ ಉತ್ತರಕ್ಕಿಂತ ಮೊದಲು ಜಗಳ ಬರುತ್ತದೆ. ಮಗುವಿನ ಸುರಕ್ಷತೆಯ ವಿಷಯವಾದರೆ ಮಾತ್ರ ಈ ಮೆಟ್ಟಿಲುಗಳನ್ನೆಲ್ಲ ಬಿಟ್ಟು ನೇರವಾಗಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಒಂಬತ್ತನೆಯ ಹೆಜ್ಜೆ: ಮಾರ್ಚ್, ಏಪ್ರಿಲ್ ಮತ್ತು ರಜೆಗೆ ಮುಂಚಿನ ಕೆಲಸ

ವರ್ಷದ ನಡುನಡುವೆ ನಡೆಯುವ ನಾಲ್ಕು ರೂಪಣಾತ್ಮಕ, ಪ್ರತಿ ಅರ್ಧವರ್ಷದ ಕೊನೆಗೆ ನಡೆಯುವ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಲ್ಲಿ ಕೊನೆಯದು ಮಾರ್ಚ್ ಸುಮಾರಿಗೆ ಮುಗಿದು, ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಸಮುದಾಯದತ್ತ ಶಾಲೆ ಕಾರ್ಯಕ್ರಮದಲ್ಲಿ ಫಲಿತಾಂಶ ತಿಳಿಸಲಾಗುತ್ತದೆ. ಬಹಳಷ್ಟು ಮನೆಗಳಲ್ಲಿ ಅಂದು ಪಾಸಾಯಿತೇ ಎಂದು ಕೇಳಿ, ಊರಿಗೆ ಬಸ್ ಹಿಡಿಯುತ್ತಾರೆ. ಹತ್ತು ನಿಮಿಷ ನಿಂತು ಮಗುವಿನ ಉತ್ತರ ಪತ್ರಿಕೆಗಳನ್ನು ನೋಡಲು ಕೇಳಿ. ಜೂನ್‌ನಲ್ಲಿ ಶಿಕ್ಷಕರು ಹೇಳಿದ್ದ ಆ ಒಂದು ಕೊರತೆ ತುಂಬಿದೆಯೇ ಎಂಬುದು ಅಂಕಕ್ಕಿಂತ ಅಲ್ಲಿ ಚೆನ್ನಾಗಿ ಕಾಣುತ್ತದೆ. ಶಾಲೆ ಬದಲಿಸುವವರು ವರ್ಗಾವಣೆ ಪತ್ರದ ಜೊತೆ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವನ್ನು ಗುರುತಿಸುವ ಎಸ್‌ಎಟಿಎಸ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಕು.

ವಿದ್ಯಾರ್ಥಿವೇತನಕ್ಕೆ ಅರ್ಹರಾದ ಕುಟುಂಬಗಳಿಗೆ ಇನ್ನೊಂದು ಕೆಲಸವಿದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮಾಡಿಸಲು ಬೇಸಿಗೆ ರಜೆಯೇ ಸೂಕ್ತ. ಶಾಲೆ ಶುರುವಾದ ಮೇಲೆ ಅಲ್ಲಿ ಸಾಲು ಬೆಳೆಯುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಮಾನ್ಯತೆಯಿರುವುದರಿಂದ ಹಳೆಯದರ ದಿನಾಂಕವನ್ನು ಮೊದಲು ನೋಡಿ. ಮಗುವಿನ ಹೆಸರಿನ ಅಕ್ಷರಗಳು ಆಧಾರ್, ಶಾಲೆಯ ದಾಖಲೆ ಮತ್ತು ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಒಂದೇ ಆಗಿವೆಯೇ ಎಂದು ಹೋಲಿಸಿ, ವ್ಯತ್ಯಾಸವಿದ್ದರೆ ಮೇ ಮುಗಿಯುವುದರೊಳಗೆ ತಿದ್ದಿಸಿಕೊಳ್ಳಿ.